ಗಾಜಿನ ತೊಟ್ಟಿಗೆ ಗಂಗಿಪೂಜೆ

ಸಿಂಧನೂರಿನ ಒಂದು ಮನೆಯ ಪಡಸಾಲೆಯಲ್ಲಿ ಸಮುದ್ರ ಇದೆ ಎಂದರೆ ಯಾರೂ ನಂಬುವುದಿಲ್ಲ. ನಂಬದವರನ್ನು ಸುರೇಖಾ ಒಳಗೆ ಕರೆದು, ಚಹಾ ಕೊಟ್ಟು, ತೋರಿಸಿಯೇ ಕಳಿಸುತ್ತಾಳೆ. ಟಿವಿ ಇರಬೇಕಾದ ಜಾಗದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ಕೇಸರಿ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು, ಕೆಂಪು ಬೆನ್ನಿನ ಒಂದು ಸೀಗಡಿ, ಮತ್ತೆ ಕಲ್ಲಿಗೆ ಅಂಟಿದ ಜೀವಂತ ಹವಳ. ಚೆನ್ನೈಯಿಂದ ಪಾರ್ಸಲ್ಲಿನಲ್ಲಿ ಬಂದಾಗ ಆ ಹವಳ ಹೆಬ್ಬೆರಳಿನಷ್ಟಿತ್ತು. ಸುರೇಖಾ ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೂತು ಬಂದು, ಅಡುಗೆ, ಪಾತ್ರೆ, ಮಕ್ಕಳ ಹೋಂವರ್ಕು ಎಲ್ಲ ಮುಗಿಸಿ, ಉಳಿದ ಚೂರು ಜೀವವನ್ನು ಅದಕ್ಕೇ ಸುರಿದಿದ್ದಳು. ಈಗದು ಹೂಕೋಸಿನಷ್ಟು ಹರಡಿ, ಹಸಿರು ಬೆರಳುಗಳನ್ನು ಗಾಜಿಗೆ ತಾಗಿಸುತ್ತಿತ್ತು. ಅದಕ್ಕೇ ಹೊಸ ದೊಡ್ಡ ತೊಟ್ಟಿ ಬಂದದ್ದು.

ಪಾಮನಕಲ್ಲೂರಿನಿಂದ ಬಂದಿದ್ದ ಅತ್ತೆ ಪೀರಮ್ಮನಿಗೆ ಮಾತ್ರ ನಗು. "ಕೊರಳಾಗ ಹಾಕ್ಕೊಳ್ಳೋ ಹವಳಕ್ಕ ಮನಿ ಬದಲಿ ಮಾಡ್ತೀರಲ್ಲ, ತಲಿ ನೆಟ್ಟಗ ಐತೇನು?"

"ಜೀವ ಐತಿ ಅತ್ತಿ ಅದಕ್ಕ. ಉಣ್ತೈತಿ, ಮಲಗತೈತಿ."

"ಹಂಗಾರ ನನ್ನ ಮಗನಕಿಂತ ಭೇಷಿ ಬಿಡು. ಅವನೂ ಅಷ್ಟ ಮಾಡ್ತಾನ, ಮ್ಯಾಲ ಮಾತಾಡ್ತಾನ."

ಆ ಮಗ, ಸುರೇಖಾಳ ಗಂಡ ವೀರೇಶ, ಲಿಂಗಸುಗೂರು ಬಸ್ಸಿನ ಕಂಡಕ್ಟರ್. ತಾಯಿಯ ಮಾತು ಕೇಳಿಯೂ ಕೇಳದವನಂತೆ, "ಹೋಲ್ಡಾನ್, ಹೋಲ್ಡಾನ್, ರೈಟ್!" ಎನ್ನುತ್ತ ಬಕೀಟು ಹೊರುತ್ತಿದ್ದ.

ಹೊಸ ತೊಟ್ಟಿಗೆ ಮರಳು ಹಾಸಿ, ಹೊಸದಾಗಿ ಕಲಸಿದ ಉಪ್ಪುನೀರನ್ನು ಹಿಂದಿನ ದಿನವೇ ತುಂಬಿಸಿ ಇಟ್ಟಾಗಿತ್ತು. ಬೋರು ಬಿದ್ದರೂ ಸರಿ, ಮಾಳಿಗೆ ಮೇಲೆ ನೀರಿನ ಟಾಕಿ ಕೂರಿಸಿದರೂ ಸರಿ, ಗಂಗಿಪೂಜೆ ಮಾಡದೆ ಆ ನೀರು ಮುಟ್ಟುವ ಮನೆತನವಲ್ಲ ಪೀರಮ್ಮನದು. ಸುರೇಖಾಗೂ ಅದು ಗೊತ್ತು. "ಪೂಜಿ ಮಾಡ್ರಿ ಅತ್ತಿ. ಆದ್ರ ಅರಿಷಿಣ, ಕುಂಕುಮ, ಹೂವು, ಹಾಲು, ಒಂದೂ ನೀರಾಗ ಬೀಳಬಾರದು" ಎಂದು ಮೊದಲೇ ಹೇಳಿದ್ದಳು. ಪೀರಮ್ಮ ಮಾತು ತಪ್ಪಲಿಲ್ಲ. ರಜೆಯ ದಿನ, ಐತಾರ ನಸುಕಿನಲ್ಲೇ ಎದ್ದು, ಗಾಜಿನ ಹೊರಮೈಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿಯನ್ನು ಹೊಸ್ತಿಲಾಚೆ ಒಡೆದಿದ್ದಳು.

ಹೊತ್ತು ಏರಿದ ಮೇಲೆ ಕೆಲಸ ಶುರುವಾಯಿತು. ಹಳೆಯ ನೀರನ್ನು ಡ್ರಮ್ಮುಗಳಿಗೆ ಇಳಿಸಿದರು. ಕಲ್ಲುಗಳು ಒಂದು ಟಬ್ಬಿಗೆ, ಮೀನು ಸೀಗಡಿ ಇನ್ನೊಂದಕ್ಕೆ. ಹವಳ ಹೆದರಿ ಮುಷ್ಟಿಯಂತೆ ಮುದುಡಿತು. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ಸಿಂಧನೂರಿನ ಬಿಸಿಲಿಗೆ ಟಬ್ಬಿನ ನೀರು ಕಾಯಲು ಎಷ್ಟು ಹೊತ್ತು? ಬಿಸಿ ಏರಿದರೆ ಹವಳ ಉಳಿಯುವುದಿಲ್ಲ. ಸುರೇಖಾ ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹೊಸ ತೊಟ್ಟಿಯ ಮೇಲೆ ಹಿಡಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಇಮಾಮ್‌ಬೀ ಕೇಳಿದಳು: "ಕ್ಯಾ ಪೀರಮ್ಮಕ್ಕ, ಗಂಗವ್ವಗ ಉಡಿಗೇನೂ ಹಾಕಲಿಲ್ಲೇನು? ಬರೇ ಕೈಲೇ ಕಳಿಸಿದ್ಯಾ?"

"ಹಂಗ ಕಳಸ್ತೀನೇನ? ನಮ್ಮ ಮುತ್ಯಾನ ಕಾಲದ ನಿಜಾಮಶಾಹಿ ದುಡ್ಡು, ಅಪ್ಪಟ ತಾಮ್ರದ್ದು. ನಸಿಕಿನ್ಯಾಗ ನೀರಾಗ ಬಿಟ್ಟೀನಿ."

ಸುರೇಖಾಳ ಕೈ ನೀರಿನಿಂದ ಗೇಣು ಮೇಲೆ ನಿಂತುಬಿಟ್ಟಿತು. "ನೀರಾಗ ಏನೂ ಹಾಕಬ್ಯಾಡ್ರಿ ಅಂದಿದ್ನಲ್ಲ ಅತ್ತಿ!"

"ಅರಿಷಿಣ ಅಂದಿ, ಕುಂಕುಮ ಅಂದಿ, ಹೂವಂದಿ, ಹಾಲಂದಿ. ದುಡ್ಡು ಅಂದಿಲ್ಲ ನೀ. ಮತ್ತ, ತಾಮ್ರದ ಕೊಡದಾಗಿಟ್ರ ನೀರು ಚೊಕ್ಕ ಆಗ್ತಾವ, ಊರಿಗೇ ಗೊತ್ತು."

"ಹೆಂಗ ಚೊಕ್ಕ ಆಗ್ತಾವ ಹೇಳ್ರಿ? ನೀರಾಗಿನ ಕಣ್ಣಿಗೆ ಕಾಣದ ಹುಳ ಸಾಯ್ತಾವ, ಅದಕ್ಕ. ಈ ಹವಳನೂ ಅಂಥ ಸಣ್ಣ ಹುಳಗಳ ಗುಂಪ ಅತ್ತಿ. ಸೀಗಡಿಗೂ ತಾಮ್ರ ಅಂದ್ರ ವಿಷ."

ಪೀರಮ್ಮನ ಮುಖ ಇಳಿದುಹೋಯಿತು. ಸೆರಗು ಸಿಕ್ಕಿಸಿ, ಕುರ್ಚಿ ಹತ್ತಿ, ಭುಜದವರೆಗೆ ಕೈ ಇಳಿಸಿ ಮರಳು ಕೆದಕಿ ದುಡ್ಡನ್ನು ಹೊರಗೆ ತೆಗೆದಳು. ವೀರೇಶ ನಿಟ್ಟುಸಿರು ಬಿಟ್ಟ. "ಸಿಕ್ತಲ್ಲ, ಇನ್ನ ರೈಟ್."

"ಏನ್ ರೈಟ್ ರೀ? ನಸಿಕಿನಿಂದ ಉಪ್ಪುನೀರಾಗ ಬಿದ್ದೈತಿ. ಎಷ್ಟು ತಾಮ್ರ ಬಿಟ್ಟೈತೋ ಯಾರಿಗ್ಗೊತ್ತು? ಈ ನೀರು ನಾ ನಂಬಂಗಿಲ್ಲ." ಬೇರೆ ನೀರು ಕಲಸೋಣವೆಂದರೆ ಉಪ್ಪು ಮುಗಿದಿತ್ತು, ಅದು ಪಾರ್ಸಲ್ಲಿನಲ್ಲೇ ಬರಬೇಕು. ಕಲ್ಲನ್ನು ಟಬ್ಬಿಗೆ ವಾಪಸ್ಸು ಇಳಿಸಿದವಳಿಗೆ ಥಟ್ಟನೆ ಹೊಳೆಯಿತು. "ಹಳೇ ನೀರು ಎಲ್ಲೈತಿ?"

"ಮೋರಿಗೆ ಚೆಲ್ಲಾಕತ್ತಿದ್ದೆ" ಎಂದ ವೀರೇಶ. "ಎರಡ ಬಕೀಟು ಹೋತು. ಉಳದದ್ದು ಐತಿ."

ಆಮೇಲೆ ನಡೆದದ್ದು ಮನೆ ಸುಡುವಾಗ ನಡೆಯುವಂಥ ಓಡಾಟ. ಹೊಸ ನೀರೆಲ್ಲ ಹೊರಗೆ, ಮರಳೂ ಹೊರಗೆ. ಇಮಾಮ್‌ಬೀ ತನ್ನ ಮನೆಯ ಪ್ಲಾಸ್ಟಿಕ್ ಕೊಡಗಳನ್ನೂ ತಂದಳು. ಪೀರಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತಳು. ಗಾಜು ತೊಳೆದು ಒರೆಸಿ ಹಳೆಯ ನೀರು ಸುರಿದರೆ, ಅರ್ಧ ತೊಟ್ಟಿಯೂ ತುಂಬಲಿಲ್ಲ. ಕಲ್ಲುಗಳನ್ನು ಅಡ್ಡ ಮಲಗಿಸಿದರು. ಹವಳದ ನೆತ್ತಿಯ ಮೇಲೆ ನಾಲ್ಕು ಬೆರಳು ನೀರು ನಿಂತಿತು.

"ದೊಡ್ಡ ಬಸ್ಸು ತಂದು ಎಲ್ಲಾರ್ನೂ ಫುಟ್‌ಬೋರ್ಡಿನ ಮ್ಯಾಲ ನಿಲ್ಲಿಸಿದಂಗಾತು" ಎಂದ ವೀರೇಶ. ನಗಲು ಯಾರಿಗೂ ತ್ರಾಣವಿರಲಿಲ್ಲ.

ಕರೆಂಟು ಬಂತು, ಪಂಪು ಗುರ್ರೆಂದಿತು. ಮೀನುಗಳು ಹೊಸ ಜಾಗವನ್ನು ಮೂಸಿ ನೋಡಿದವು, ಸೀಗಡಿ ಕಲ್ಲಿನ ಸಂದಿ ಹಿಡಿಯಿತು. ಹವಳ ಮಾತ್ರ ಮುಷ್ಟಿ ಬಿಚ್ಚಲಿಲ್ಲ. ಪೀರಮ್ಮ ಅದರೆದುರು ಕೂತವಳು ಊಟಕ್ಕೂ ಏಳಲಿಲ್ಲ. ಸುರೇಖಾಗೆ ಸಿಟ್ಟಿತ್ತು, ಆದರೆ ಹಸಿದ ಮುದುಕಿಯ ಬೆನ್ನು ನೋಡುತ್ತ ಎಷ್ಟು ಹೊತ್ತಂತ ಸಿಟ್ಟು ಹಿಡಿಯುವುದು? ಸಂಜೆ ರೊಟ್ಟಿ, ಪುಂಡಿಪಲ್ಲೆಯ ತಾಟು ಹಿಡಿದು ಬಂದಳು.

"ಶ್, ಸಪ್ಪಳ ಮಾಡಬ್ಯಾಡ" ಎಂದಳು ಪೀರಮ್ಮ. "ನೋಡಿಲ್ಲೆ."

ಮುಷ್ಟಿಯಿಂದ ಒಂದು ಹಸಿರು ಬೆರಳು ಹೊರಬಂದಿತ್ತು. ನೋಡನೋಡುತ್ತ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು, ನೀರು ತೂಗಿದ ಕಡೆ ತೂಗುತ್ತ.

"ಮುನಿಸ್ಕೊಂಡಿತ್ತು" ಎಂದಳು ಪೀರಮ್ಮ, ಸೆರಗಿನಿಂದ ಕಣ್ಣೊರೆಸಿ. "ಈಗ ಮಾತಾಡಾಕತ್ತೈತಿ." ಸುರೇಖಾ ನೆಲಕ್ಕೇ ಕೂತು ನಕ್ಕಳು, ಬೆಳಗಿನಿಂದ ಮೊದಲ ಸಲ.

ಪೀರಮ್ಮ ಸೊಸೆಯ ಕಡೆ ತಿರುಗಿದಳು. "ಯವ್ವಾ, ಉಳದ ನೀರು ತುಂಬೋ ದಿನ ನನ್ನ ಕರಿ. ಏನೇನ ಹಾಕಬಾರದು ಅಂತ ಹೇಳಬ್ಯಾಡ. ಏನೇನ ಹಾಕಬೇಕು, ಅಷ್ಟ ಹೇಳು."

"ಏನೂ ಹಾಕೂದು ಬ್ಯಾಡ ಅತ್ತಿ."

"ಇದು ನೆನಪಿಡಾಕ ಹಗರ ಆತು ನೋಡು" ಎಂದು ಪೀರಮ್ಮ ರೊಟ್ಟಿ ಮುರಿದಳು.