ಕಾಲು ಮುಂದಾಗಿ ಹುಟ್ಟಿದವಳು

ಹರ್ಷಿಣಿ ಹೊರಗೆ ಕೂತು ಬಂಗುಡೆ ಮೀನಿನ ಕಿವಿರು ಕೀಳುತ್ತಿದ್ದಳು. ಒಳಗೆ ಚಾಪೆಯ ಮೇಲೆ ಬೋರಲು ಮಲಗಿದ್ದ ಅಮ್ಮ ವಾರಿಜಾ, ಮಗಳು ಕೈ ತೊಳೆಯುವುದನ್ನೇ ಕಾಯುತ್ತಿದ್ದಳು. ಅದು ಗೊತ್ತಿದ್ದುದರಿಂದಲೇ ಹರ್ಷಿಣಿಗೆ ಐದು ಮೀನಿನ ಕೆಲಸ ಅಂದು ಮುಗಿಯುತ್ತಿರಲಿಲ್ಲ.

ಹರ್ಷಿಣಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ಬೆನ್ನು ಮೆಟ್ಟಿದರೆ ಸೊಂಟದ ಉಳುಕು ಬಿಡುತ್ತದೆಂದು ಕಾಪುವಿನ ಕಡಲ ಬದಿಯಲ್ಲಿ ನಂಬಿಕೆ. ಬಲೆ ಎಳೆದು ಬೆನ್ನು ಹಿಡಿದವರು ಬೆಳಿಗ್ಗೆಯೇ ಬಂದು ಅಂಗಳದಲ್ಲಿ ಮಲಗುತ್ತಿದ್ದರು. ಎಂಟನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟ, ಯಾರ ಮುಖವನ್ನೂ ನೆಟ್ಟಗೆ ನೋಡದ ಹುಡುಗಿಗೆ ಊರವರ ಬೆನ್ನುಗಳು ಚೆನ್ನಾಗಿ ಗೊತ್ತಿದ್ದವು.

ಅಮ್ಮನದು ಉಳುಕಲ್ಲ ಎಂದು ಮಣಿಪಾಲದ ಡಾಕ್ಟರು ಹದಿನೈದು ದಿನದ ಹಿಂದೆಯೇ ಹೇಳಿದ್ದರು. ವಯಸ್ಸೂ ಮೀನಿನ ಬುಟ್ಟಿಯೂ ಸೇರಿ ಸೊಂಟದ ಡಿಸ್ಕ್ ಸವೆದಿದೆ, ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ, ನಡಿಗೆ, ದಿನಾ ವ್ಯಾಯಾಮ ಸಾಕು, ಆರು ವಾರ ಭಾರ ಎತ್ತಬಾರದು. ಪಾದದ ಬಲ ಕಡಿಮೆಯಾದರೆ ಇಲ್ಲವೆ ಮೂತ್ರ ಕಟ್ಟಿದರೆ ಮಾತ್ರ ಒಂದು ದಿನವೂ ಕಾಯಬೇಡಿ ಎಂದಿದ್ದರು. ಬೆನ್ನು ಮೆಟ್ಟಿಸಬಹುದೋ ಎಂದು ಇವರು ಕೇಳಲಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಆ ಮಾತೆತ್ತಲು ಇಬ್ಬರಿಗೂ ನಾಚಿಕೆ.

ಮೊಣಕಾಲು ಮಡಚಿ, ಹೊಟ್ಟೆ ಬಿಗಿಹಿಡಿದು ಸೊಂಟ ಎತ್ತುವ ವ್ಯಾಯಾಮವನ್ನು ವಾರಿಜಾ ಕೆಲವು ದಿನ ತಪ್ಪದೆ ಮಾಡಿದಳು. ಆಮೇಲೊಂದು ಬೆಳಿಗ್ಗೆ ನೆರೆಮನೆಯ ಕುಶಲಾ ಬಾಗಿಲಲ್ಲಿ ನಿಂತು ನೋಡಿ ನಕ್ಕಳು.

"ಮಲಗಿ ಕಾಲಾಡಿಸಿದರೆ ಗುಣ ಆಗುವುದಾದರೆ ತೊಟ್ಟಿಲ ಮಕ್ಕಳೆಲ್ಲ ಪೈಲ್ವಾನರೇ ಅಲ್ವಾ ಮಾರಾಯ್ತಿ? ಮದ್ದು ನಿನ್ನ ಮನೆಯಲ್ಲೇ ಉಂಟು."

ಹರ್ಷಿಣಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಮೆಟ್ಟಿದಳು. ಹಗುರವಾಯಿತೆಂದು ಅಮ್ಮ ಮರುದಿನವೇ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋದಳು. ಮೂರನೆಯ ದಿನ, ಅಂದರೆ ನಿನ್ನೆ, ಮಾರ್ಕೆಟ್ಟಿನಿಂದ ಬರುವಾಗ ಎಡಗಾಲಿನ ಚಪ್ಪಲಿ ಕಳಚಿ ಗೇಟಿನ ಬಳಿಯೇ ಉಳಿಯಿತು. ಅಮ್ಮನಿಗೆ ಅದು ತಿಳಿಯಲೇ ಇಲ್ಲ. ಹರ್ಷಿಣಿ ನೋಡಿದಳು. ರಾತ್ರಿಯಿಡೀ ಯಾರಿಗೂ ಹೇಳಲಿಲ್ಲ.

ಈಗ ಅವಳು ಕೈ ತೊಳೆದು ಒಳಗೆ ಬಂದಳು. ಕುಶಲಾ ಆಗಲೇ ಬಂದು ಬಾಗಿಲಿಗೊರಗಿ ನಿಂತಿದ್ದಳು.

"ಪುನಃ ನೋಯ್ತಾ ಉಂಟು. ಹೋದ ಸಲದ ಹಾಗೇ ಮೆಟ್ಟು ಮಗಾ," ಎಂದಳು ಅಮ್ಮ.

ಹರ್ಷಿಣಿ ಮೆಟ್ಟಲಿಲ್ಲ. ಕಾಲ ಬಳಿ ಕೂತು, ಎರಡೂ ಪಾದ ಆಡಿಸು ಎಂದಳು. ಬಲಪಾದ ಆಡಿತು. ಎಡದ್ದು ಇದ್ದ ಹಾಗೇ ಇತ್ತು.

"ಆಡಿಸಿದೆ ಅಲ್ವಾ? ಇನ್ನೆಂತ?"

ಹರ್ಷಿಣಿ ಎಡಪಾದವನ್ನು ಕೈಯಲ್ಲಿ ಹಿಡಿದಳು. ಆ ಪಾದ ಆಡಲಿಲ್ಲವೆಂದೂ, ಮೆಟ್ಟಿದ್ದರಿಂದಲೋ ಬುಟ್ಟಿಯಿಂದಲೋ ತನಗೆ ಗೊತ್ತಿಲ್ಲವೆಂದೂ, ಈಗಲೇ ಮಣಿಪಾಲಕ್ಕೆ ಹೋಗಬೇಕೆಂದೂ ಒಂದೇ ಉಸಿರಿಗೆ ಹೇಳಿದಳು. ವಾರಿಜಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕುಶಲಾ ನೆಲ ನೋಡುತ್ತ ನಿಂತಳು.

"ಕುಶಲಕ್ಕ, ಅಮ್ಮನನ್ನು ಒಂದು ಬದಿ ಹಿಡಿದುಕೊಳ್ಳಿ. ರಿಕ್ಷಾದವರೆಗೆ ಸಾಕು."