ಕಹಳೆ ಕೂಗುವಷ್ಟು ಹೊತ್ತು

ಏಲಕ್ಕಿಯ ವಾಸನೆ, ಅದರ ಬೆನ್ನಿಗೇ ಡೀಸೆಲ್ಲಿನದು, ಏಲಕ್ಕಿ ಬ್ರೆಡ್ಡಿಗೆ ಸುತ್ತಿದ ಬಟ್ಟೆ ಸಡಿಲಾಗಿದೆ ಅಂತ ಕಾಣುತ್ತದೆ, ಲೆಂಪಿ ತೊಡೆಯ ಮೇಲಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಸುಪೀರಿಯರ್ ಸರೋವರ ಇವತ್ತು ಒಳ್ಳೆಯ ಮನಸ್ಸಿನಲ್ಲಿದೆ, ಅಲೆಯೇ ಇಲ್ಲ, ಮಂಜು ಮಾತ್ರ ಏಳಲು ಸೋಮಾರಿತನ ಪಡುವವರ ಹಾಗೆ ನೀರಿನ ಮೇಲೆ ಬಿದ್ದುಕೊಂಡಿದೆ, ದೋಣಿಯ ಚುಕ್ಕಾಣಿ ಹಿಡಿದ ಆರ್ವೋನ ಬೆನ್ನು — ಅಗಲ ಬೆನ್ನು, ಮೊಣಕೈ ಹತ್ತಿರ ಹರಿದ ಸ್ವೆಟರ್, ಹೊಲಿದುಕೊಡುವವರು ಯಾರೂ ಇಲ್ಲ, ತಾನು ಹೊಲಿಯಬಹುದಿತ್ತು, ನಿನ್ನೆ ಬಾಯಿ ಮುಚ್ಚದೆ ಇದ್ದಿದ್ದರೆ. ನಿನ್ನೆ ದೋಣಿಕಟ್ಟೆಯಲ್ಲಿ ಬಣ್ಣದ ಡಬ್ಬಿಗಳನ್ನು ಜೋಡಿಸುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೇಳಿಯೇಬಿಟ್ಟ, ಈ ಚಳಿಗಾಲ ನಮ್ಮನೇಲೇ ಇದ್ದುಬಿಡ್ತೀಯಾ ಲೆಂಪಿ, ಚಳಿಗಾಲ ಅಂದ್ರೆ ಬರೀ ಚಳಿಗಾಲ ಅಲ್ಲ, ಅರ್ಥ ಆಯ್ತಲ್ಲ, ಈ ವಯಸ್ಸಿನ ಹೆಂಗಸಿಗೆ ಅರ್ಥವಾಗದೆ ಇರುತ್ತದೆಯೇ, ಹದಿನಾರರ ಹುಡುಗಿಯ ಹಾಗೆ ಹೂಂ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಮಂಜು ಕಟ್ಟೆಗೆ ಬಂತು, ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಹಾಳು ಅಭ್ಯಾಸ. ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸುತ್ತಿದ್ದ ದ್ವೀಪದ ಕಹಳೆ ನಿಂತು ಅರ್ಧ ಆಯುಷ್ಯವೇ ಕಳೆದಿದೆ, ದೀಪಸ್ತಂಭದ ಮನೆಯಲ್ಲಿ ಮಾತು ಕಲಿತವಳ ಬಾಯಿಗೆ ಅದು ಗೊತ್ತಿಲ್ಲ, ಮಂಜು ಕಂಡರೆ ಸಾಕು, ನಡುಮಾತಿನಲ್ಲೇ ನಿಂತು ಕಹಳೆ ಕೂಗಿ ಮುಗಿಯಲಿ ಎಂದು ಕಾಯುತ್ತದೆ. ಅವನು ಕಾಯಲಿಲ್ಲ. ಸರಿ ಬಿಡು, ಕೇಳಬಾರದಿತ್ತು, ಮನಸ್ಸಿಗೆ ಹಚ್ಕೋಬೇಡ ಅಂದವನೇ ಡಬ್ಬಿ ಎತ್ತಿಕೊಂಡು ತಿರುಗಿದ, ನಿಲ್ಲೋ ಆರ್ವೋ ಎಂದು ಅವಳು ಕೂಗಿದ್ದು ಬೆನ್ನಿಗೆ, ಅವನ ಕಿವಿಯನ್ನೋ ಮೀನುದೋಣಿಯ ಎಂಜಿನ್ನು ಎಂದೋ ತಿಂದುಹಾಕಿದೆ, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾನೆ, ಪಕ್ಕದ ಮನೆಯ ಸೈಮಾ ಅದು ಗೊತ್ತಿದ್ದೂ ರೇಗಿಸುತ್ತಾಳೆ, ಏನೇ, ಯಾವಾಗ್ಲೂ ನಿನ್ನ ಬಾಯನ್ನೇ ನೋಡ್ತಾನೆ, ಕಟ್ಟಿಸಿಕೊಂಡಿರೋ ಹಲ್ಲು ಯಾವ್ದು ಅಂತ ಹುಡುಕ್ತಾನಾ. ಮುಚ್ಚಿದ ತುಟಿ ನೋಡಿದ, ಒಲ್ಲೆ ಅಂತ ತಿಳಿದ, ಅದರಲ್ಲಿ ಅವನ ತಪ್ಪೇನಿದೆ. ದ್ವೀಪಕ್ಕೆ ಇವತ್ತಿನದೇ ಕೊನೆಯ ಸುತ್ತು, ನಾಳೆ ದೋಣಿ ದಡಕ್ಕೆಳೆಸಿ ಡುಲೂತಿಗೆ, ಮಗಳ ಮನೆಗೆ, ಈ ಸಲ ವಾಪಸ್ ಬರೋದು ಅನುಮಾನ ಅಂತ ಬೆಳಿಗ್ಗೆ ಹಗ್ಗ ಬಿಚ್ಚುತ್ತ ಹೇಳಿದ, ಅವಳಿಗಲ್ಲ, ನೀರಿಗೆ.

ನೀರಿಗೆ ಹೇಳುವುದು, ಬೆನ್ನಿಗೆ ಹೇಳುವುದು — ಅಮ್ಮ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ನಿಂತ ಅಮ್ಮ, ಕಿಟಕಿಯಲ್ಲಿ ಮಂಜು, ಕಿಟಕಿಯ ಮುಂದೆ ದೀಪ ಕಾಯುವ ಅಪ್ಪನ ಬೆನ್ನು, ಕಹಳೆ ಕೂಗಿದಾಗ ಕಪಾಟಿನ ಕಪ್ಪುಗಳು ಕುಣಿಯುತ್ತವೆ, ಊಟದ ಮುಂಚಿನ ಪ್ರಾರ್ಥನೆ ಕೂಡ ಆ ಮನೆಯಲ್ಲಿ ತುಂಡು ತುಂಡು, ದೇವರಿಗೂ ಅಭ್ಯಾಸವಾಗಿತ್ತೇನೋ, ಎಲ್ಲರೂ ಬಾಯಿ ಮುಚ್ಚಿ ಕಾಯುವ ಆ ಹೊತ್ತಿನಲ್ಲಿ ಅಮ್ಮ ಒಬ್ಬಳೇ ಮಾತಾಡುತ್ತಿದ್ದಳು, ಹಿಟ್ಟು ಮೆತ್ತಿದ ಕೈ, ಅಲುಗುವ ತುಟಿ, ಮುಖದಲ್ಲಿ ಸಿಟ್ಟಿಲ್ಲ ಏನಿಲ್ಲ, ಲೆಂಪಿ ಮೇಜಿನ ಕೆಳಗಿಂದ ನೋಡಿ ನೋಡಿ ಒಂದು ದಿನ ತುಟಿ ಹೇಳುವುದನ್ನು ಹಿಡಿದಳು, ನನ್ನ ಇಲ್ಲಿಂದ ಕರ್ಕೊಂಡು ಹೋಗಿ, ಕರ್ಕೊಂಡು ಹೋಗಿ ಅಂದ್ರೆ. ಕಹಳೆ ನಿಲ್ಲುತ್ತದೆ. ಕಾಫಿ ಹಾಕ್ಲಾ, ಅಮ್ಮ ಕೇಳುತ್ತಾಳೆ. ಹಾಕು, ಅಪ್ಪ ನೀರು ನೋಡುತ್ತಲೇ ಅನ್ನುತ್ತಾರೆ, ಕೆಟ್ಟವರಲ್ಲ ಪಾಪ, ತಿರುಗಿ ನೋಡುವುದು ಅವರಿಗೆ ಹೊಳೆಯಲೇ ಇಲ್ಲ, ಅಮ್ಮ ದ್ವೀಪ ಬಿಟ್ಟದ್ದು ತಲೆಯೆಲ್ಲ ಬೆಳ್ಳಗಾದ ಮೇಲೆ.

ಮಂಜಿನ ಮೇಲೆ ಕೆಂಪು ಟೋಪಿ ಮಾತ್ರ ಕಾಣಿಸುತ್ತದೆ, ದೀಪಸ್ತಂಭದ ತಲೆ, ಆಮೇಲೆ ಬಿಳಿಯ ಗೋಡೆ, ಸುಣ್ಣ ಹೊಸದು, ಊರವರು ಬೇಸಿಗೆಯೆಲ್ಲ ಕೂತು ಕಹಳೆಯನ್ನೂ ರಿಪೇರಿ ಮಾಡಿದ್ದಾರೆ, ನಿಮ್ಮ ದೋಣಿ ಕಂಡ ಕೂಡ್ಲೇ ಊದ್ತೀವಿ ಲೆಂಪಿ ಅಕ್ಕ, ನೀವೇ ಮೊದಲು ಕೇಳ್ಬೇಕು ಅಂದಿದ್ದರು — ಅಗಲ ಬೆನ್ನು, ಹರಿದ ಸ್ವೆಟರ್, ಹಿಟ್ಟು ಮೆತ್ತಿದ ಕೈ — ಬುಟ್ಟಿ ಕೆಳಗಿಟ್ಟಳು, ಎದ್ದಳು, ಮೊಣಕಾಲು ಲಟಕ್ಕೆಂದಿತು, ಎನ್ನಲಿ, ಚುಕ್ಕಾಣಿಗೂ ಗಾಜಿಗೂ ನಡುವೆ ನುಸುಳಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. ಏನಿದು, ದಾರಿ ಕಾಣ್ಸಲ್ಲ, ಅಡ್ಡ ನಿಂತ್ರೆ ಬಂಡೆಗೆ ಹೊಡೀತೀನಿ ನೋಡು, ಕೂತ್ಕೋ ಹೋಗು. ಎಂಜಿನ್ನನ್ನು ಮಾತ್ರ ತಗ್ಗಿಸಿದ. ನಿನ್ನೆ ನೀನು ಕೇಳಿದ್ಯಲ್ಲ, ಅಂದಳು, ಮತ್ತು ಕಹಳೆ ಕೂಗಿತು, ಕಾಲಡಿಯ ಹಲಗೆಯೊಳಗೆ, ಪಕ್ಕೆಲುಬಿನೊಳಗೆ, ಗಾಜು ನಡುಗುತ್ತದೆ, ಬಾಯಿ ಮುಚ್ಚಿಕೊಳ್ಳಲು ನೋಡುತ್ತದೆ, ಮುಚ್ಚಬೇಡ, ಅಮ್ಮ ಮುಚ್ಚುತ್ತಿರಲಿಲ್ಲ, ಬರ್ತೀನಿ ಕಣೋ, ಚಳಿಗಾಲಕ್ಕೆ ಅಂತಲ್ಲ, ಇರೋದಕ್ಕೇ ಬರ್ತೀನಿ, ತನ್ನ ಮಾತು ತನಗೇ ಕೇಳಿಸುವುದಿಲ್ಲ, ಆರ್ವೋನ ಕೈ ಚುಕ್ಕಾಣಿಯ ಮೇಲೆ ಹಾಗೇ ನಿಂತಿದೆ, ಕಣ್ಣು ಅವಳ ಬಾಯಿಯ ಮೇಲೆ, ಕಹಳೆ ಇನ್ನೂ ಕೂಗುತ್ತಿದೆ, ಹಿಟ್ಟು ಮೆತ್ತಿದ ಕೈ, ಅಲುಗುವ ತುಟಿ, ಅಮ್ಮನ ತುಟಿ, ಅಲುಗುವ ತುಟಿ, ಎದುರಿಗೆ ಬೆನ್ನಲ್ಲ, ಒಂದು ಮುಖ.