ಲಿಫ್ಟಿನೊಳಗೆ ನಿಲ್ಲುವವರು

ಲಿಫ್ಟ್ ರಿಪೇರಿಯ ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಯಾರೇ ಆಗಲಿ, ಮೊದಲ ಸಲ ಸ್ವಂತ ಕೈಯಿಂದ ಲಿಫ್ಟಿನ ಬ್ರೇಕ್ ಬಿಚ್ಚಿ ಕಟ್ಟಿದರೆ, ಅವತ್ತೇ ಹಿರಿಯರೊಬ್ಬರು ಅವರ ಜೊತೆ ಆ ಲಿಫ್ಟಿನೊಳಗೆ ನಿಂತು ತುದಿಯ ಮಹಡಿಯವರೆಗೆ ಹೋಗಬೇಕು. ಹೋದರೆ ಬ್ರೇಕ್ ಕಟ್ಟಿದವರು ಮೆಕ್ಯಾನಿಕ್. ಯಾರೂ ನಿಲ್ಲದಿದ್ದರೆ ಸಾಯುವವರೆಗೆ ಹೆಲ್ಪರ್. ಇದನ್ನು ಯಾವ ಮಹಾನುಭಾವ ಶುರುಮಾಡಿದನೋ ಗೊತ್ತಿಲ್ಲ. "ನಂಬಿಕೆ ಅಂದ್ರೆ ಬಾಯಿಮಾತಲ್ಲ. ನಮ್ಮಲ್ಲಿ ಜೀವ ಒತ್ತೆ ಇಟ್ಟು ನಂಬ್ತೀವಿ" ಎಂದು ಯಜಮಾನ ಗಿರಾಕಿಗಳೆದುರು ಎದೆಯುಬ್ಬಿಸಿ ಹೇಳುತ್ತಿದ್ದ.

ಯಜಮಾನನ ಮಗ ಮೊದಲ ಬ್ರೇಕ್ ಕಟ್ಟಿದ ದಿನ ಒಳಗೆ ನಿಲ್ಲಲು ನೂಕುನುಗ್ಗಲು. ಅಪ್ಪ, ಚಿಕ್ಕಪ್ಪ, ಮೇಸ್ತ್ರಿ, ಅಪ್ಪನ ಸ್ನೇಹಿತರು, ಯಾವ ಸಂಬಂಧವೂ ಇಲ್ಲದ ಕಟ್ಟಡದ ಮ್ಯಾನೇಜರು ಕೂಡ. ಭಾರ ಹೆಚ್ಚಾಗಿ ಲಿಫ್ಟು ಬಡಬಡನೆ ಗಂಟೆ ಹೊಡೆದುಕೊಂಡಿತು. ಇಳಿಯಿರಿ ಎಂದರೆ ಯಾರೂ ಇಳಿಯಲೊಲ್ಲರು. ಇಳಿದವನು ನಂಬದವನು ಎಂದಾಗಿಬಿಡುತ್ತದಲ್ಲ. ಕೊನೆಗೆ ಮ್ಯಾನೇಜರನ್ನು ಹೊರಗೆ ದಬ್ಬಿದರು.

ಆ ಹುಡುಗ ದಡ್ಡನೇನಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಇವತ್ತು ಅವನು ಒಳ್ಳೆಯ ಮೆಕ್ಯಾನಿಕ್. ಯಾಕಾಗಬಾರದು? ಕಲಿಯುವಾಗ ಮೂರು ಮೋಟಾರು ಸುಟ್ಟ. ಮೊದಲನೆಯದಕ್ಕೆ "ಕಲೀತಾ ಇದಾನೆ" ಎಂದರು. ಎರಡನೆಯದಕ್ಕೆ "ಧೈರ್ಯಸ್ಥ, ಹೆಂಗೆ ಕೈ ಹಾಕ್ತಾನೆ ನೋಡಿ" ಎಂದರು. ಮೂರನೆಯದಕ್ಕೆ ಮೋಟಾರು ಮಾಡಿದ ಕಂಪನಿಯನ್ನೇ ಬೈದರು. ಇಷ್ಟೊಂದು ಬೆನ್ನು ತಟ್ಟಿದರೆ ಕತ್ತೆಯೂ ಒಂದು ದಿನ ಸ್ಪ್ಯಾನರ್ ಹಿಡಿಯುವುದನ್ನು ಕಲಿತೀತು.

ಯಜಮಾನನ ತಂಗಿಯ ಮಗಳನ್ನು ಎಲ್ಲರೂ ಟಾರ್ಚು ಎನ್ನುತ್ತಿದ್ದರು. ಶಾಲೆ ಮುಗಿಸಿ ಬಂದವಳ ಕೈಗೆ ಟಾರ್ಚ್ ಕೊಟ್ಟು, ಗಂಡಸರು ಕೆಲಸ ಮಾಡುವಲ್ಲಿ ಬೆಳಕು ಹಿಡಿ ಎಂದಿದ್ದರು. ವರ್ಷಗಟ್ಟಲೆ ಹಿಡಿದಳು. ಅವಳು ಮೊದಲ ಸಲ ಒಂದು ಫ್ಯೂಸ್ ಸುಟ್ಟಾಗ (ಮೋಟಾರಲ್ಲ, ಅಂಗೈಯೊಳಗೆ ಮುಚ್ಚಿಕೊಳ್ಳಬಹುದಾದ ಫ್ಯೂಸ್) ಮೇಸ್ತ್ರಿ ಅದನ್ನು ಕಿಟಕಿಯ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದ. "ನಮ್ಮ ಟಾರ್ಚಮ್ಮನ ಕೈಗುಣ ನೋಡಿ." ಅಂದಿನಿಂದ ಅವಳು ಒಂದು ಬೋಲ್ಟ್ ಬಿಗಿದರೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಆಗ ಹೇಳಿದರು: "ಅವಳ ಮೇಲೆ ಅವಳಿಗೇ ನಂಬಿಕೆ ಇಲ್ಲ." ಮೊದಲು ಕಾಲು ಮುರಿದು, ಆಮೇಲೆ ಕುಂಟಿ ಎಂದು ಹೆಸರಿಡುವುದು ಈ ಜನಕ್ಕೆ ನೀರು ಕುಡಿದಷ್ಟು ಸಲೀಸು.

ಅವಳಿಗೆ ಬೇಕಿದ್ದದ್ದು ಮೆಕ್ಯಾನಿಕ್ ಅನ್ನಿಸಿಕೊಳ್ಳುವುದು, ಅಷ್ಟೇ. ಆಗದಿದ್ದರೆ ಏನಾಗುತ್ತೇನೆ ಎಂಬುದು ದಿನಾ ಕಣ್ಣೆದುರಿಗೇ ಇತ್ತು. ಅವಳ ಅಮ್ಮ ಅದೇ ವರ್ಕ್‌ಶಾಪಿನಲ್ಲಿ ಕಸ ಗುಡಿಸಿ ಟೀ ಕಾಸುತ್ತಿದ್ದಳು, ಮತ್ತು ಅದನ್ನು ಅಣ್ಣನ ಉಪಕಾರ ಎಂದುಕೊಂಡಿದ್ದಳು.

ಒಂದು ದಿನ ಒಟ್ಟಿಗೇ ಎರಡು ಕಡೆ ಲಿಫ್ಟ್ ಕೆಟ್ಟವು. ಒಂದು ಕಡೆ ಮಗ ಹೋದ. ಇನ್ನೊಂದು ಆರು ಮಹಡಿಯ ಆಫೀಸು ಕಟ್ಟಡ. ಅಲ್ಲಿಯವರ ಫೋನಿನ ಕಾಟ ತಡೆಯಲಾರದೆ ಯಜಮಾನ ತಂಗಿಯ ಮಗಳಿಗೆ ಹೇಳಿದ: "ಹೋಗು, ಬಿಚ್ಚಿಟ್ಟಿರು. ನಿಮ್ಮ ಭಾವ ಬಂದು ಕಟ್ತಾನೆ." ಅವಳು ಬಿಚ್ಚಿದಳು. ಮೇಲಿನ ಮೆಷಿನ್ ರೂಮಿನಲ್ಲಿ ಬ್ರೇಕಿನ ಸವೆದ ಲೈನರ್ ಪಟ್ಟಿ ತೆಗೆದು, ಹೊಸದು ಹಾಕಿ, ಸ್ಪ್ರಿಂಗ್ ಬಿಗಿದು, ಕಟ್ಟಿಯೂ ಬಿಟ್ಟಳು. ಸಂಜೆ ಭಾವ, ಅಂದರೆ ಯಜಮಾನನ ಮಗ, ತನ್ನ ಟೂಲ್ ಬಾಕ್ಸ್ ಹೊತ್ತು ಬಂದ. ಎಲ್ಲ ಕಡೆ ಕೈಯಾಡಿಸಿದ, ತಪ್ಪು ಹುಡುಕಿದ, ಸಿಗಲಿಲ್ಲ. "ಸರಿಯಾಗಿದೆ" ಎಂದು ಬೇಜಾರಿನಲ್ಲಿ ಹೇಳಿದ.

ಸುದ್ದಿ ತಿಳಿದು ಮಾವ ಯಜಮಾನನೂ ಮೇಸ್ತ್ರಿಯೂ ಬಂದರು. ಅವರ ಹಿಂದೆ ಟೀ ಫ್ಲಾಸ್ಕ್ ಹಿಡಿದುಕೊಂಡು ಅಮ್ಮ. ಟಾರ್ಚು ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು ಒಳಗೆ ನಿಂತಳು.

"ಮಾವ, ಬನ್ನಿ."

ಮಾವನಿಗೆ ಸರಿಯಾಗಿ ಆಗಲೇ ಫೋನು ಬಂತು. ಅದರ ಗಂಟೆ ಮಾತ್ರ ಯಾರಿಗೂ ಕೇಳಿಸಲಿಲ್ಲ. "ಹ್ಞಾ, ಹೇಳಿ, ಹೇಳಿ" ಎನ್ನುತ್ತ ಗೋಡೆಗೆ ಮುಖ ಮಾಡಿ ನಿಂತ.

"ಮೇಸ್ತ್ರಿ, ನೀವು?"

"ಮಂಡಿ ನೋವು ಕಣಮ್ಮ."

"ಮಂಡಿ ನೋವಿಗೇ ಅಲ್ವಾ ಲಿಫ್ಟ್ ಇರೋದು?"

"ನಿಂತ್ಕೊಂಡ್ರೆ ಜಾಸ್ತಿ ಆಗುತ್ತೆ. ಇದರಲ್ಲಿ ಕುರ್ಚಿ ಎಲ್ಲಿದೆ?"

"ಭಾವ?"

"ನಾನೇನು ಹಿರಿಯನಾ? ನಿನಗಿಂತ ಒಂದೆರಡು ವರ್ಷ ದೊಡ್ಡೋನು. ಪದ್ಧತಿ ಅಂದ್ರೆ ಪದ್ಧತಿ."

"ಕೆಲಸ ಸರಿಯಾಗಿದೆ ಅಂದ್ರಲ್ಲ ಈಗ?"

"ಸರಿಯಾಗೇ ಇದೆ. ಅದು ಬೇರೆ, ಇದು ಬೇರೆ."

ಅವಳು ಅಮ್ಮನ ಕಡೆ ನೋಡಿದಳು. ಹೆತ್ತವಳಿಗಿಂತ ಹಿರಿಯರು ಯಾರು? ಅಮ್ಮ ಫ್ಲಾಸ್ಕನ್ನು ಎದೆಗವಚಿಕೊಂಡಳು.

"ನಿಮ್ಮ ಮಾವ ಹೂಂ ಅಂದ್ರೆ ಬರ್ತೀನಿ ಕಣೆ."

"ಮಾವನ್ನ ಯಾಕಮ್ಮ ಕೇಳ್ಬೇಕು? ನೀನು ಹೇಳು."

"ನನಗೇನು ಗೊತ್ತಾಗುತ್ತೆ ಬ್ರೇಕು ಗೀಕು."

ಬ್ರೇಕು ಗೊತ್ತಿದ್ದವರು ಬರಲಿಲ್ಲ, ಗೊತ್ತಿಲ್ಲದವಳೂ ಬರಲಿಲ್ಲ. ಟಾರ್ಚು ಒಬ್ಬಳೇ ಆರನೆಯ ಮಹಡಿಗೆ ಹೋಗಿ, ಒಬ್ಬಳೇ ಕೆಳಗೆ ಬಂದಳು. ಬಾಗಿಲು ತೆರೆಯುವ ಹೊತ್ತಿಗೆ ಮಾವನ ಫೋನು ಮುಗಿದಿತ್ತು.

"ಚೆನ್ನಾಗಿ ಓಡ್ತಿದೆ" ಎಂದ. "ಆದ್ರೆ ಯಾರೂ ನಿಲ್ಲಲಿಲ್ಲವಲ್ಲಮ್ಮ. ಬೇಜಾರು ಮಾಡ್ಕೋಬೇಡ. ಎಲ್ಲರಿಗೂ ಎಲ್ಲಾ ಬರೆದಿರಲ್ಲ."

ಯಾರೂ ನಿಲ್ಲಲಿಲ್ಲವಂತೆ. ನಿಲ್ಲದೇ ಹೋದವನು ಪಕ್ಕದ ಬೀದಿಯವನು ಎಂಬ ಹಾಗೆ ಹೇಳಿದ ಪುಣ್ಯಾತ್ಮ.

ಹೊರಡಬೇಕು ಎನ್ನುವಾಗ ಭಾವನ ಟೂಲ್ ಬಾಕ್ಸ್ ಮೇಲೆ ಮೆಷಿನ್ ರೂಮಿನಲ್ಲೇ ಉಳಿದದ್ದು ನೆನಪಾಯಿತು.

"ಹೋಗಿ ತಗೊಂಡು ಬಾ" ಎಂದ ಮಾವ.

"ಮೆಕ್ಯಾನಿಕ್ ಬಾಕ್ಸನ್ನ ಹೆಲ್ಪರ್ ಒಬ್ಬಳೇ ಮುಟ್ಟಬಾರದು ಅಂತ ನೀವೇ ಹೇಳಿದ್ರಿ ಮಾವ."

ಹೇಳಿದ್ದು ಹೌದು. ಮೂವರು ಗಂಡಸರೂ ಅವಳು ನಿಂತಿದ್ದ ತೆರೆದ ಲಿಫ್ಟನ್ನು ನೋಡಿದರು. ದಿನ ಇನ್ನೂ ಮುಗಿದಿರಲಿಲ್ಲ. ಈಗ ಅದರೊಳಗೆ ಕಾಲಿಟ್ಟು ಮೇಲೆ ಹೋದರೆ ಅವಳ ಜೊತೆ ನಿಂತಂತೆಯೇ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೆಟ್ಟಿಲು ಹತ್ತತೊಡಗಿದರು. ಬಾಕ್ಸ್ ಭಾರವಿದ್ದದ್ದರಿಂದ ಭಾವ ಬೇಕು, ಮೆಷಿನ್ ರೂಮಿನ ಕೀಲಿಯನ್ನು ಬಂದ ಕೂಡಲೇ ಇಸಿದುಕೊಂಡಿದ್ದರಿಂದ ಮೇಸ್ತ್ರಿ ಬೇಕು, ಇಬ್ಬರ ಮೇಲೂ ಕಣ್ಣಿಡಲು ಯಜಮಾನ ಬೇಕು. ಲಿಫ್ಟ್ ರಿಪೇರಿಯಿಂದಲೇ ಅನ್ನ ತಿನ್ನುವ ಮೂವರು, ಓಡುವ ಲಿಫ್ಟನ್ನು ಬಿಟ್ಟು, ಮೆಟ್ಟಿಲ ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತಿದರು. ಒಬ್ಬ ಹುಡುಗಿಯನ್ನು ನಂಬದೇ ಇರಲು ಮನುಷ್ಯರು ಎಷ್ಟು ಬೆವರನ್ನಾದರೂ ಸುರಿಸುತ್ತಾರೆ.

ಟಾರ್ಚು ಲಿಫ್ಟಿನೊಳಗೇ ಇದ್ದಳು. ಸ್ವಲ್ಪ ಹೊತ್ತಿಗೆ ಮೂರನೆಯ ಮಹಡಿಯಿಂದ ಯಾರೋ ಗುಂಡಿ ಒತ್ತಿ ಕರೆದ ದೀಪ ಹತ್ತಿತು. ಮೇಲೆ ಹೋಗಿ ಬಾಗಿಲು ತೆರೆದರೆ ಮೇಸ್ತ್ರಿ. ಗೋಡೆಗೆ ಒರಗಿ, ಒಂದು ಕಾಲನ್ನು ನೆಲಕ್ಕೆ ತಾಗಿಸದೆ ನಿಂತಿದ್ದ. ಈ ಮಂಡಿ ನೋವು ಮಾತ್ರ ಸುಳ್ಳಲ್ಲ.

"ಐದರಲ್ಲಿ ಇಳಿಸು" ಎಂದ ಮೆಲ್ಲಗೆ. "ಒಂದು ಮಹಡಿ ನಡ್ಕೊಂಡು ಹತ್ತುತ್ತೀನಿ."

"ಆರನೇದೂ ಇದೆಯಲ್ಲ."

"ಯಜಮಾನ್ರು ನೋಡ್ತಾರೆ ಕಣಮ್ಮ."

"ನೋಡ್ಲಿ."

"ಹಠ ಹಿಡೀಬೇಡ. ನಿನ್ನ ಎತ್ತಿ ಆಡಿಸಿದ ಕೈ ಇದು."

"ಆ ಲೆಕ್ಕ ಆಮೇಲೆ ನೋಡೋಣ. ಆರಕ್ಕಾದ್ರೆ ಬನ್ನಿ. ಇಲ್ಲಾಂದ್ರೆ ಮೆಟ್ಟಿಲು ಅಲ್ಲೇ ಇದೆ."

ಮೇಸ್ತ್ರಿ ಮೆಟ್ಟಿಲನ್ನು ನೋಡಿದ. ಅವಳನ್ನು ನೋಡಿದ. ಒಳಗೆ ಬಂದ.

ಆರರಲ್ಲಿ ಬಾಗಿಲು ತೆರೆದಾಗ ಮಾವ ಮತ್ತು ಭಾವ ಆಗಷ್ಟೇ ಮೇಲೆ ಬಂದು ಗೋಡೆ ಹಿಡಿದು ನಿಂತಿದ್ದರು. ಮಾವ ಏದುಸಿರು ಬಿಡುತ್ತಲೇ ಮೇಸ್ತ್ರಿಯ ಕಡೆ ಬೆರಳು ತೋರಿಸಿದ.

"ನಿಂತ್ಕೊಂಡೆ ಯಜಮಾನ್ರೇ" ಎಂದ ಮೇಸ್ತ್ರಿ, ನೆಲ ನೋಡುತ್ತ.

"ನಿನಗೇನು ತಲೆ ಕೆಟ್ಟಿದೆಯೇನೋ?"

"ತಲೆ ಸರಿಯಾಗಿದೆ. ಕೆಟ್ಟಿರೋದು ಮಂಡಿ."

ಪದ್ಧತಿಗೆ ಕಾರಣ ಬೇಕಿರಲಿಲ್ಲ, ಕಾಲು ಒಳಗಿದ್ದರೆ ಸಾಕಿತ್ತು. ಹಾಗೆ ಟಾರ್ಚು ಮೆಕ್ಯಾನಿಕ್ ಆದಳು. ಅವಳ ಪಾಲಿಗೆ ಬಂದ ನಂಬಿಕೆ ಅಷ್ಟೇ, ಒಬ್ಬ ಮುದುಕನ ಸವೆದ ಕೀಲಿನಷ್ಟು. ಅದನ್ನೂ ಅವಳು ಬಾಗಿಲು ಹಿಡಿದು ನಿಂತು ಕಿತ್ತುಕೊಳ್ಳಬೇಕಾಯಿತು.

ಭಾವ ಮೆಷಿನ್ ರೂಮಿನಿಂದ ಬಾಕ್ಸ್ ಎಳೆದು ತಂದ. ಮೆಟ್ಟಿಲ ಕಡೆ ಒಮ್ಮೆ ನೋಡಿದ. ಬಾಕ್ಸನ್ನು ಲಿಫ್ಟಿನೊಳಗೆ ತಳ್ಳಿ, ಅದರ ಹಿಂದೆ ತಾನೂ ನುಸುಳಿದ. "ಭಾರ ಇದೆ ಅಪ್ಪಾಜಿ" ಎಂದ, ಯಾರೂ ಕೇಳದಿದ್ದರೂ. ಮಾವ ಒಳಗೆ ಬರಲಿಲ್ಲ.

ಕೆಳಗೆ ಅಮ್ಮ ಕಾಯುತ್ತಿದ್ದಳು.

"ಎಲ್ಲಿ ನಿಮ್ಮ ಮಾವ?"

"ಬರ್ತಾ ಇದಾರೆ. ನಡ್ಕೊಂಡು."

"ಸಿಟ್ಟಾಗಿದಾರಾ?"

"ಇರ್ಬೇಕು."

ಅಮ್ಮ ಫ್ಲಾಸ್ಕ್ ಹಿಡಿದು ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು, ಅಣ್ಣ ಇಳಿದು ಬಂದಾಗ ಸಮಾಧಾನ ಹೇಳಲು. ಮಗಳು ಗ್ರೀಸ್ ಮೆತ್ತಿದ ಕೈಗಳನ್ನು ಮುಂದೆ ಹಿಡಿದುಕೊಂಡು, ನಲ್ಲಿ ಎಲ್ಲಿದೆ ಎಂದು ಕಟ್ಟಡದ ಕಾವಲಿನವನನ್ನು ಕೇಳಿದಳು.